ಗ್ಯಾಸು ಎಲ್ಲಿಗೆ ಹೋಯಿತು?

ಮಾನ್ವಿಯಲ್ಲಿರುವ ನಮ್ಮ ಕಾಕಾ ಅವರ ಬಳಿ 1995ರಲ್ಲಿ ಕೊಂಡ ಒಂದು ಸಣ್ಣ ಕಾರಿದೆ. ಕೊಳ್ಳುವಾಗಲೇ ಅದರಲ್ಲಿ ಎ.ಸಿ. ಇತ್ತು. ಆಗ ಅದು ಓಣಿಯ ನಾಲ್ಕು ಜನ ಬಂದು ನೋಡಿ ಹೋಗುವಂಥ ವಸ್ತು. ಮದುವೆ ಮುಂಜಿವೆಗಳಿಗೆ ಹೊರಟಾಗ ಮಾತ್ರ ಕಾಕಾ ಅದರ ಗುಂಡಿಯನ್ನು ಒತ್ತುತ್ತಿದ್ದರು. ಈಗ ಅವರ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಎರಡು ಸಲ ಮಗನೊಡನೆ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವುದು ಬೆಳಗಿನ ತಂಪು ಹೊತ್ತಿನಲ್ಲಿ, ಹಿಂದಿರುಗುವುದು ನಡುಮಧ್ಯಾಹ್ನ. ನಾಲ್ಕು ತಾಸು ಯಂತ್ರದ ಮಗ್ಗುಲಲ್ಲಿ ಮಲಗಿ ಎದ್ದವರಿಗೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದುಂಟು. ಅಂಥವರನ್ನು ಮೇ ತಿಂಗಳ ಬಿಸಿಲಿನಲ್ಲಿ, 42 ಡಿಗ್ರಿಯ ಗಾಳಿಯಲ್ಲಿ, ಕಾದ ತಗಡಿನ ಪೆಟ್ಟಿಗೆಯೊಳಗೆ ಕೂರಿಸಿಕೊಂಡು ಬರುವುದೆಂದರೇನೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಎ.ಸಿ. ಎಂಬುದು ಸುಖವಂತರ ಶೋಕಿ ಎಂದು ನಾನೂ ಬಹುಕಾಲ ನಂಬಿದ್ದೆ. ಕಾಕಾ ಅವರ ಮುಖವನ್ನು ನೋಡಿದ ಮೇಲೆ ಆ ಮಾತನ್ನು ಬಿಟ್ಟೆ.

ಎರಡು ಬೇಸಿಗೆಗಳಲ್ಲಿ ಆ ಕಾರಿಗೆ ಮೂರು ಸಲ ಗ್ಯಾಸು ತುಂಬಿಸಲಾಯಿತು. ಪ್ರತಿ ಸಲವೂ ಗ್ಯಾರೇಜಿನವರ ಮಾತು ಒಂದೇ: “ಗ್ಯಾಸ್ ಖಾಲಿ ಆಗೇದರಿ ಕಾಕಾರ, ತುಂಬಿಸಿದ್ರ ಮುಗೀತು.” ತುಂಬಿಸಿದ ದಿನ ಮೈ ನಡುಗುವಷ್ಟು ತಂಪು. ಎರಡನೆಯ ವಾರಕ್ಕೆ ಅದು ಮಂದವಾಗುವುದು; ನಾಲ್ಕನೆಯ ವಾರಕ್ಕೆ ಜಾಲರಿಯಿಂದ ಬರುವುದು ಬಿಸಿಗಾಳಿಯೇ. ಮೂರನೆಯ ಸಲ ಹೀಗಾದಾಗ ಕಾಕಾ ನನ್ನನ್ನು ಕೇಳಿದರು: “ಈ ಗಾಡಿ ಪೆಟ್ರೋಲ್ ಕುಡಿತದಂತ ಗೊತ್ತದ. ಗ್ಯಾಸೂ ಕುಡಿತದೇನೋ?”

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಈ ಯಂತ್ರದ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವನು ನಾನು. ಒಂದು ದಿನವಾದರೂ ಕಾರಿನ ಡ್ಯಾಶ್‌ಬೋರ್ಡನ್ನು ಬಿಚ್ಚಿದವನಲ್ಲ. ಆದರೂ ಕಾಕಾ ಅವರ ಪ್ರಶ್ನೆಗೆ ಉತ್ತರ ಆ ಚಿತ್ರದಲ್ಲಿಯೇ ಇತ್ತು. ಗಾಡಿ ಗ್ಯಾಸನ್ನು ಕುಡಿಯುವುದಿಲ್ಲ.

ಎ.ಸಿ. ತಂಪನ್ನು ತಯಾರಿಸುತ್ತದೆ ಎಂದು ನಾವು ಆಡುವ ಮಾತು ಸಡಿಲವಾದುದು. ಅದು ಮಾಡುವುದು ಹಮಾಲಿ ಕೆಲಸ: ಕಾರಿನೊಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲಿ ಬರುವುದು. ರಾಯಚೂರಿನ ಗಂಜಿನಲ್ಲಿ ಚೀಲ ಹೊರುವ ಹಮಾಲರನ್ನು ನೀವು ನೋಡಿರಬಹುದು. ಚೀಲವನ್ನು ಲಾರಿಗೇರಿಸಿದ ಹಮಾಲ ಬರಿಗೈಯಲ್ಲಿ ಹಿಂದಿರುಗಿ ಮತ್ತೊಂದು ಚೀಲಕ್ಕೆ ಹೆಗಲು ಕೊಡುತ್ತಾನೆ. ಸಂಜೆಯಾದಾಗ ಚೀಲಗಳು ಹೋಗಿರುತ್ತವೆ, ಹಮಾಲ ಉಳಿದಿರುತ್ತಾನೆ. ಕಾರಿನಲ್ಲಿ ಆ ಹಮಾಲನೇ ಶೀತಕ ದ್ರವ್ಯ. ಗ್ಯಾರೇಜಿನವರು ಅದನ್ನು ಗ್ಯಾಸು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಸೂಜಿ ಚುಚ್ಚುವ ಮುನ್ನ ಡಾಕ್ಟರು ತೋಳಿಗೆ ಸ್ಪಿರಿಟು ಒರೆಸಿದಾಗ ಆ ಜಾಗ ತಣ್ಣಗಾಗುತ್ತದೆ. ದ್ರವವು ಆವಿಯಾಗಲು ಶಾಖ ಬೇಕು. ಅದನ್ನು ಅದು ಚರ್ಮದಿಂದ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ನ್ಯಾಯದಿಂದ. ಸ್ಪಿರಿಟಾಗಲಿ ಹೂಜಿಯ ನೀರಾಗಲಿ ಆವಿಯಾದದ್ದು ಗಾಳಿಗೆ ಸೇರಿ ಹೋಗುತ್ತದೆ. ಕಾರಿನ ಎ.ಸಿ.ಯಲ್ಲಿ ಆವಿಯನ್ನು ಹೋಗಗೊಡುವುದಿಲ್ಲ, ಹಿಡಿದು ತಂದು ಮತ್ತೆ ದ್ರವವಾಗಿಸುತ್ತಾರೆ. ಇಡೀ ಯಂತ್ರದ ಜಾಣತನವೆಲ್ಲ ಈ ಹಿಡಿದು ತರುವುದರಲ್ಲಿದೆ.

ಹಳೆಯ ಕಾರುಗಳಲ್ಲಿದ್ದ ಆರ್-12 ಎಂಬ ಗ್ಯಾಸು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೇ ಕುದಿಯುತ್ತದೆ. ಅಷ್ಟು ಸುಲಭವಾಗಿ ಆವಿಯಾಗುವುದನ್ನು ರಾಯಚೂರಿನ ಬಿಸಿಲಿನಲ್ಲಿ ಮತ್ತೆ ದ್ರವವಾಗಿಸುವುದು ಹೇಗೆ? ಅದಕ್ಕೇ ಕಂಪ್ರೆಸರು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಈ ಪಂಪು ಆವಿಯನ್ನು ವಾಯುಮಂಡಲದ ಒತ್ತಡದ ಹದಿನೈದು ಪಟ್ಟಿಗೆ ಹಿಂಡುತ್ತದೆ. ಅಷ್ಟು ಒತ್ತಡದಲ್ಲಿ ಆರ್-12 ಗ್ಯಾಸು 60 ಡಿಗ್ರಿಯಲ್ಲಿಯೇ ದ್ರವವಾಗಬಲ್ಲುದು. ಹೊರಗಿನ ಗಾಳಿ 42 ಡಿಗ್ರಿ. ಅರವತ್ತರ ಮುಂದೆ ಅದು ತಂಗಾಳಿಯೇ ಸರಿ. ಕಾರಿನ ಮೂತಿಯಲ್ಲಿ ರೇಡಿಯೇಟರಿನ ಮುಂದೆ ಕೂತಿರುವ ಕಂಡೆನ್ಸರಿನ ಕೊಳವೆಗಳಲ್ಲಿ ಗ್ಯಾಸು ತನ್ನ ಶಾಖದ ಚೀಲವನ್ನು ಆ ಗಾಳಿಗೆ ಇಳಿಸಿ ದ್ರವವಾಗುತ್ತದೆ. ಬಳಿಕ ಡ್ರೈಯರ್ ಎಂಬ ಸಣ್ಣ ಡಬ್ಬಿಯ ಮೂಲಕ ಸಾಗುತ್ತದೆ. ತೇವವನ್ನು ಹೀರುವ ಹರಳುಗಳು ಅದರಲ್ಲಿರುತ್ತವೆ. ಮುಂದೆ ಎಕ್ಸ್‌ಪಾನ್ಷನ್ ವಾಲ್ವು ಎಂಬ ಕಿರಿದಾದ ಕಿಂಡಿ. ಅದನ್ನು ದಾಟಿದೊಡನೆ ಒತ್ತಡ ಚದರ ಅಂಗುಲಕ್ಕೆ 30 ಪೌಂಡಿನ ಆಸುಪಾಸಿಗೆ ಕುಸಿಯುತ್ತದೆ. ಆ ಒತ್ತಡದಲ್ಲಿ ಗ್ಯಾಸು ಕುದಿಯುವುದು ಸೊನ್ನೆ ಡಿಗ್ರಿಯ ಹತ್ತಿರ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಇವಾಪೊರೇಟರಿನಲ್ಲಿ ಅದು ಕುದಿಯುತ್ತ, ಕಾರಿನೊಳಗಿನ ಗಾಳಿಯ ಶಾಖವನ್ನು ಹೊತ್ತು ಮತ್ತೆ ಕಂಪ್ರೆಸರಿಗೆ ಹೊರಡುತ್ತದೆ. ಗಾಳಿಯ ತೇವ ಅದೇ ತಣ್ಣನೆಯ ಕೊಳವೆಗಳ ಮೇಲೆ ಹನಿಗೂಡಿ ಕಾರಿನ ತಳದಿಂದ ತೊಟ್ಟಿಕ್ಕುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸಿದ ಕಾರಿನಡಿ ನೀರು ಕಂಡು ರೇಡಿಯೇಟರ್ ಸೋರುತ್ತಿದೆಯೆಂದು ಗಾಬರಿಯಾಗುವವರಿದ್ದಾರೆ. ಎ.ಸಿ. ಹಾಕಿದ ಕಾರಿನಲ್ಲಿ ಅದು ಆರೋಗ್ಯದ ಲಕ್ಷಣ.

ಇಷ್ಟೂ ದಾರಿಯಲ್ಲಿ ಗ್ಯಾಸು ಉರಿಯುವುದಿಲ್ಲ, ಸವೆಯುವುದಿಲ್ಲ. ಹಾಗಾದರೆ ಮನೆಯ ಫ್ರಿಜ್ಜು ಇಪ್ಪತ್ತು ವರ್ಷ ಗ್ಯಾಸು ಕೇಳದಿರುವಾಗ ಕಾರಿಗೆ ಮಾತ್ರ ಏಕೆ ಈ ಗತಿ? ಫ್ರಿಜ್ಜಿನ ಮೋಟಾರನ್ನೂ ಕಂಪ್ರೆಸರನ್ನೂ ಒಂದೇ ಉಕ್ಕಿನ ಚಿಪ್ಪಿನೊಳಗಿಟ್ಟು ಬೆಸೆದಿರುತ್ತಾರೆ. ಕಾರಿನ ಕಂಪ್ರೆಸರಿಗೆ ಆ ಭಾಗ್ಯವಿಲ್ಲ. ಅದು ಬೆಲ್ಟಿನಿಂದ ತಿರುಗಬೇಕಾದುದರಿಂದ ಅದರ ದಂಡ ಹೊರಗೆ ಚಾಚಿರಲೇಬೇಕು. ದಂಡದ ಸುತ್ತ ಒಂದು ಸೀಲು ಗ್ಯಾಸನ್ನು ತಡೆದು ನಿಲ್ಲಬೇಕು. ಎಂಜಿನ್ನು ಅಲುಗಾಡುವುದರಿಂದ ಕೊಳವೆಗಳು ರಬ್ಬರಿನವಾಗಿರಬೇಕು. ಜೋಡಣೆಗಳಲ್ಲಿ ರಬ್ಬರಿನ ಉಂಗುರಗಳಿರಬೇಕು. ಈ ಎಲ್ಲ ಎಡೆಗಳಿಂದ ಒಂದಿಷ್ಟು ಜಿನುಗುವುದು ಸಹಜವೇ. ಕಾಕಾ ಅವರ ಕಾರಿಗೆ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸು ಹನ್ನೆರಡು ವರ್ಷ ಬಂದಿತ್ತು. ಅದು ಸಹಜವಾದ ಜಿನುಗು. ನಾಲ್ಕು ವಾರದಲ್ಲಿ ಬರಿದಾಗುವುದಕ್ಕೆ ತೂತು ಎಂದೇ ಹೆಸರು. ತೂತನ್ನು ಹುಡುಕದೆ ಗ್ಯಾಸು ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ. ಕೊಡವಾದರೆ ನೀರು ಸೋರುವುದು ಕಣ್ಣಿಗೆ ಕಾಣುತ್ತದೆ, ಗ್ಯಾಸು ಕಾಣುವುದಿಲ್ಲ. ಹೀಗಾಗಿ ಈ ವ್ಯಾಪಾರ ವರ್ಷಗಟ್ಟಲೆ ನಡೆಯುತ್ತದೆ.

ಇಲ್ಲಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು. ಹಳೆಯ ಕಾರಿನ ದುರಸ್ತಿ ಹೊಸ ಕಾರಿನದರಂತೆ ಏಕಲ್ಲ ಎಂಬುದು ಅದರಿಂದಲೇ ತಿಳಿಯಬೇಕು. ಮೊದಲಿನ ಶೀತಕಗಳು ಅಮೋನಿಯ, ಗಂಧಕದ ಡೈಆಕ್ಸೈಡು ಮೊದಲಾದ ವಿಷಗಳು. ಅಮೆರಿಕದ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಇವುಗಳ ಬದಲಿಗೆ ಕ್ಲೋರಿನ್ನು, ಫ್ಲೋರಿನ್ನು, ಇಂಗಾಲ ಸೇರಿದ ಹೊಸ ಬಗೆಯ ಸಂಯುಕ್ತಗಳನ್ನು ರೂಪಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್ಗ್ಲಿ ಆ ಅನಿಲವನ್ನು ಎದೆ ತುಂಬ ಸೇದಿ, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಅದನ್ನು ಆರಿಸಿದನಂತೆ. ವಿಷವಲ್ಲ, ಉರಿಯುವುದೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಎ.ಸಿ. ಇರುವ ಕಾರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಕಂಪ್ರೆಸರನ್ನು ಬೇಕೆಂದಾಗ ಬಿಡಿಸುವ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಿಂದ ಕಳಚಬೇಕಿತ್ತು!

1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು ಒಂದು ಎಚ್ಚರಿಕೆ ಕೊಟ್ಟರು. ಏನನ್ನೂ ಮಾಡದ ಸಾಧುವೆಂದು ತಿಳಿದಿದ್ದ ಈ ಅನಿಲ ಸಾಧುವಾಗಿರುವುದರಿಂದಲೇ ನಾಶವಾಗದೆ ಮೇಲೇರುತ್ತದೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ತಾಗಿ ಅದರ ಕ್ಲೋರಿನ್ ಬಿಡಿಸಿಕೊಳ್ಳುತ್ತದೆ. ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ಮುರಿಯುತ್ತದೆ ಎಂದು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೀರ ತೆಳುವಾಗಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. ನಮ್ಮಂಥ ದೇಶಗಳಲ್ಲಿಯೂ 2010ರ ಹೊತ್ತಿಗೆ ಆರ್-12 ತಯಾರಿಕೆ ನಿಂತಿತು. ಅದರ ಜಾಗಕ್ಕೆ ಕ್ಲೋರಿನ್ ಇಲ್ಲದ ಆರ್-134ಎ ಎಂಬ ಗ್ಯಾಸು ಬಂದಿತು.

ಕಾಕಾ ಅವರ ಕಾರು ಆರ್-12 ಕಾಲದ್ದು. ಈಗ ಮೂರು ಸಲ ಅದಕ್ಕೆ ತುಂಬಿದ್ದು ಆರ್-134ಎ. ಹಳಬನು ಹೋದ, ಹೊಸಬನು ಬಂದ, ಕೆಲಸ ಒಂದೇ ತಾನೆ ಎಂದರೆ ಹಾಗಲ್ಲ. ಕಂಪ್ರೆಸರಿಗೆ ಜಿಡ್ಡು ಬೇಕು. ಆ ಎಣ್ಣೆ ಗ್ಯಾಸಿನಲ್ಲಿ ಬೆರೆತು ಅದರೊಡನೆಯೇ ಸುತ್ತಿ ಬರುತ್ತದೆ. ಆರ್-12 ಕಾಲದ ಖನಿಜ ಎಣ್ಣೆ ಹೊಸ ಗ್ಯಾಸಿನಲ್ಲಿ ಬೆರೆಯುವುದಿಲ್ಲ. ಅದು ಇವಾಪೊರೇಟರಿನ ತಳದಲ್ಲಿ ಕೂತುಬಿಡುತ್ತದೆ; ಇತ್ತ ಕಂಪ್ರೆಸರು ಒಣಗಿ ತನ್ನನ್ನು ತಾನೇ ತೇಯ್ದುಕೊಳ್ಳುತ್ತದೆ. ಹೊಸ ಗ್ಯಾಸಿನ ಅಣು ಹಳೆಯದಕ್ಕಿಂತ ಚಿಕ್ಕದು. ಹಳೆಯ ರಬ್ಬರಿನಲ್ಲಿ ಅದಕ್ಕೆ ದಾರಿ ಹೆಚ್ಚು. ಡ್ರೈಯರಿನ ಹರಳುಗಳೂ ಅದಕ್ಕೆ ಬೇರೆ ಜಾತಿಯವು ಬೇಕು. ಮೇಲಾಗಿ ಬಿಸಿಲಿನಲ್ಲಿ ಅದರ ಒತ್ತಡ ಹಳೆಯದಕ್ಕಿಂತ ಹೆಚ್ಚಿಗೆ ಏರುತ್ತದೆ. ಹಳೆಯ ಸಣ್ಣ ಕಂಡೆನ್ಸರು ಏದುಸಿರು ಬಿಡುತ್ತದೆ.

ಕೊನೆಗೆ ನಾವು ಹೋದದ್ದು ರಾಯಚೂರಿನ ಇನ್ನೊಬ್ಬ ಮಿಸ್ತ್ರಿಯ ಹತ್ತಿರ. ವಯಸ್ಸಾದವರು, ಮಾತು ಕಡಿಮೆ. ಅವರು ಗೇಜು ಜೋಡಿಸುವುದಕ್ಕೂ ಮುಂಚೆ ಮಾಡಿದ ಎರಡು ಕೆಲಸಗಳನ್ನು ನಾನು ಮೆಚ್ಚಿದೆ. ಹೀಟರಿನ ಸನ್ನೆಯನ್ನು ಪೂರ್ತಿ ತಂಪಿನ ಕಡೆಗೆ ತಳ್ಳಿ, ಬಿಸಿನೀರಿನ ವಾಲ್ವು ನಿಜಕ್ಕೂ ಮುಚ್ಚಿದೆಯೇ ಎಂದು ಕೊಳವೆಯನ್ನು ಮುಟ್ಟಿ ನೋಡಿದರು. ಹಳೆಯ ಕಾರುಗಳಲ್ಲಿ ಇದು ಅರ್ಧ ಮುಚ್ಚಿಕೊಂಡು, ಎ.ಸಿ. ತಂದ ತಂಪನ್ನೆಲ್ಲ ಹೀಟರು ತಿಂದುಹಾಕುವುದುಂಟು. ಆಮೇಲೆ ಎಂಜಿನ್ ಚಾಲೂ ಇಟ್ಟು ಕಂಡೆನ್ಸರಿನ ಮೇಲೆ ಎರಡು ತಂಬಿಗೆ ನೀರು ಸುರಿದರು. ನೀರು ಬಿದ್ದೊಡನೆ ಒಳಗೆ ತಂಪು ಹೆಚ್ಚಿದರೆ ದೋಷ ಗ್ಯಾಸಿನದಲ್ಲ; ಕೆಸರು ಮೆತ್ತಿದ ಕಂಡೆನ್ಸರಿನದೋ ಸೋತ ಫ್ಯಾನಿನದೋ ಆಗಿರುತ್ತದೆ. ಖರ್ಚಿಲ್ಲದ ಈ ಪರೀಕ್ಷೆ ನನ್ನ ಪಠ್ಯಪುಸ್ತಕದಲ್ಲಿರಲಿಲ್ಲ.

ನಮ್ಮ ಕಾರಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಗೇಜಿನ ಕಡೆಗೆ ಕೈ ತೋರಿಸಿ, ಹಿಂದಿನವರು ಎಂಜಿನ್ ನಿಲ್ಲಿಸಿಟ್ಟು ಒತ್ತಡ ನೋಡಿ ಗ್ಯಾಸು ಸರಿಯಾಗಿದೆ ಎಂದು ಒಮ್ಮೆ ಹೇಳಿದ್ದರೆಂದೆ. ಮಿಸ್ತ್ರಿ ನಕ್ಕರು. ನಗುವುದಕ್ಕೆ ಕಾರಣವಿದೆ. ನಿಂತ ಯಂತ್ರದಲ್ಲಿ ಒಂದು ಚಮಚೆಯಷ್ಟು ದ್ರವ ಉಳಿದಿದ್ದರೂ, 35 ಡಿಗ್ರಿ ಬಿಸಿಲಿನಲ್ಲಿ ಮುಳ್ಳು ನೂರು ಪೌಂಡನ್ನು ದಾಟಿ ನಿಲ್ಲುತ್ತದೆ. ಅರ್ಧ ಕಿಲೋ ಇದ್ದರೂ ಅಲ್ಲೇ ನಿಲ್ಲುತ್ತದೆ. ಒತ್ತಡ ಹೇಳುವುದು ಉಷ್ಣತೆಯನ್ನು, ತೂಕವನ್ನಲ್ಲ.

ಇನ್ನು ತೂತಿನ ಬೇಟೆ. ಗ್ಯಾಸು ಸೋರುವಲ್ಲಿ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಆದ್ದರಿಂದ ಕರಿ ಕಲೆಗಳನ್ನು ಮೊದಲು ನೋಡಬೇಕು. ಅನಂತರ ಯಂತ್ರದೊಳಕ್ಕೆ ಒಣ ಸಾರಜನಕವನ್ನು ಚದರ ಅಂಗುಲಕ್ಕೆ ನೂರೈವತ್ತು ಪೌಂಡಿನವರೆಗೆ ತುಂಬಿ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚುತ್ತಾರೆ. ಸಾರಜನಕದ ಬದಲು ವೆಲ್ಡಿಂಗಿನ ಆಮ್ಲಜನಕವನ್ನು ಎಂದೂ ಬಳಸಬಾರದು. ಒತ್ತಡದ ಆಮ್ಲಜನಕ ಎಣ್ಣೆಯೊಡನೆ ಸೇರಿದರೆ ಸಿಡಿಯುತ್ತದೆ. ಹಿಂದೆ ಒಂದು ಬಗೆಯ ದೀಪವಿತ್ತು: ಸೋರುವ ಗ್ಯಾಸು ತಾಗಿದರೆ ಅದರ ಜ್ವಾಲೆ ಹಸಿರಾಗುತ್ತಿತ್ತು. ನೋಡಲು ಸೊಗಸು, ಆದರೆ ಬೆಂಕಿಯಲ್ಲಿ ಬೆಂದ ಆರ್-12 ಬಲು ವಿಷ. ಮಿಡ್ಗ್ಲಿಯ ಮೇಣದ ಬತ್ತಿ ಹೇಳದಿದ್ದ ಸತ್ಯ ಇದು. ಬರಿಯ ನಿರ್ವಾತ ಮಾಡಿ ಮುಳ್ಳು ನಿಂತಿತೆಂದು ಸಮಾಧಾನಪಡುವವರೂ ಇದ್ದಾರೆ. ನಿರ್ವಾತದಲ್ಲಿ ತೂತಿನ ಮೇಲೆ ಬೀಳುವುದು ಒಂದೇ ವಾಯುಮಂಡಲದ ಒತ್ತಡ. ಹತ್ತು ಹದಿನೈದರಲ್ಲಿ ಬಾಯಿ ಬಿಡುವ ತೂತು ಒಂದರಲ್ಲಿ ಬಾಯಿ ಮುಚ್ಚಿಕೊಂಡಿರಬಹುದು.

ಬಾನೆಟ್ಟಿನಡಿ ಎಲ್ಲಿಯೂ ನೊರೆ ಏಳಲಿಲ್ಲ. ಮುಳ್ಳು ಮಾತ್ರ ಮೆಲ್ಲಗೆ ಇಳಿಯುತ್ತಿತ್ತು. ನೊರೆ ತಲುಪದ ಜಾಗ ಒಂದೇ: ಡ್ಯಾಶ್‌ಬೋರ್ಡಿನ ಹಿಂದಿನ ಇವಾಪೊರೇಟರು. ಅದನ್ನು ಬಿಚ್ಚಲು ಅರ್ಧ ದಿನ ಹಿಡಿಯುತ್ತದೆ. ಮೊದಲಿನವರು ಆ ಕಡೆಗೆ ಹಾಯದಿದ್ದುದು ಅದಕ್ಕೇ ಇರಬೇಕು. ಹೊರಗೆ ತೆಗೆದಾಗ ಅದರ ರೆಕ್ಕೆಗಳ ನಡುವೆ ಇಪ್ಪತ್ತೈದು ವರ್ಷಗಳ ಧೂಳು, ಹುಲ್ಲುಕಡ್ಡಿ ಮತ್ತು ನಮ್ಮ ಸೀಮೆಯ ಹತ್ತಿಯ ಎಳೆ ಹದವಾದ ಹಾಸಿಗೆಯಂತೆ ಕೂತಿತ್ತು. ಸದಾ ತೊಯ್ದ ಆ ಹಾಸಿಗೆಯಡಿ ಅಲ್ಯುಮಿನಿಯಂ ತಿನ್ನಿಸಿಕೊಂಡು ಸೂಜಿಮೊನೆಯಂಥ ತೂತುಗಳಾಗಿದ್ದವು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟಾಗ ಗುಳ್ಳೆಗಳು ಸಾಲಾಗಿ ಎದ್ದವು. ಮೂರು ಸಲ ತುಂಬಿಸಿದ ಗ್ಯಾಸು ಕಾಕಾ ಅವರ ಮುಖದ ಎದುರಿನಿಂದಲೇ ಹೊರಟುಹೋಗಿತ್ತು.

ಅಂಥ ತೂತುಗಳಿಗೆ ಬೆಸುಗೆ ಹಾಕಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ತೂತು ಮುಚ್ಚುವ ಅಂಟು ದ್ರವಗಳನ್ನು ಒಳಗೆ ಬಿಡುವ ರೂಢಿಯೂ ಇದೆ. ಅದು ತೂತನ್ನು ಮುಚ್ಚುವುದು ಸಂಶಯ, ವಾಲ್ವಿನ ಕಿಂಡಿಯನ್ನು ಮುಚ್ಚುವ ಸಂಭವ ಹೆಚ್ಚು. ಇವಾಪೊರೇಟರನ್ನೇ ಬದಲಿಸಬೇಕಾಯಿತು. ಮೂರು ಸಲದ ಗ್ಯಾಸಿನ ಹಣವನ್ನು ಕೂಡಿಸಿ ನೋಡಿದರೆ ಅದರ ಬೆಲೆಯ ಹತ್ತಿರಕ್ಕೆ ಬಂದಿತ್ತು!

ಬಳಿಕ ಹಳೆಯ ಎಣ್ಣೆಯನ್ನು ತೊಳೆದು ತೆಗೆದರು. ಹೊಸ ಗ್ಯಾಸಿಗೆ ಒಗ್ಗುವ ಎಸ್ಟರ್ ಎಣ್ಣೆಯನ್ನು ಅಳೆದು ಹಾಕಿದರು. ಡ್ರೈಯರು, ರಬ್ಬರ್ ಉಂಗುರಗಳು ಹೊಸವಾದವು. ಮುಕ್ಕಾಲು ತಾಸು ನಿರ್ವಾತದ ಪಂಪು ಓಡಿತು. ಈ ಹಂತವನ್ನು ಅವಸರದವರು ಬಿಟ್ಟುಬಿಡುತ್ತಾರೆ. ಪಂಪಿನ ಕೆಲಸ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲ, ನೀರನ್ನು ತೆಗೆಯುವುದು. ಒತ್ತಡವನ್ನು ಪಾದರಸದ 760 ಮಿಲಿಮೀಟರಿನಿಂದ 24ಕ್ಕೆ ಇಳಿಸಿದರೆ ನೀರು 25 ಡಿಗ್ರಿಯಲ್ಲಿಯೇ ಕುದಿದು ಹೋಗುತ್ತದೆ. ಒಂದೆರಡು ಹನಿ ಉಳಿದರೂ ಅದು ವಾಲ್ವಿನ ಕಿಂಡಿಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಹತ್ತು ನಿಮಿಷ ತಂಪು, ಹತ್ತು ನಿಮಿಷ ಬಿಸಿ ಎಂಬ ವಿಚಿತ್ರ ರೋಗ ಅದರಿಂದಲೇ. ಗ್ಯಾಸನ್ನು ತಕ್ಕಡಿಯ ಮೇಲೆ ತೂಗಿ ತುಂಬಿದರು. ಆರ್-12 ಹಿಡಿಯುತ್ತಿದ್ದ ತೂಕದ ನೂರಕ್ಕೆ ಎಂಬತ್ತೈದರಷ್ಟು ಸಾಕು. ಡ್ರೈಯರಿನ ಗಾಜಿನ ಕಣ್ಣಿನಲ್ಲಿ ಗುಳ್ಳೆ ಮಾಯವಾಗುವವರೆಗೆ ತುಂಬುವುದು ಹಳೆಯ ಪದ್ಧತಿ. ಹೊಸ ಗ್ಯಾಸಿಗೆ ಅದನ್ನು ನಂಬಿದರೆ ಹೆಚ್ಚಾಗಿ ತುಂಬಿ ತಂಪು ಕಡಿಮೆಯಾಗುತ್ತದೆ.

ಕಡಿಮೆ ಖರ್ಚೆಂದು ಅಡುಗೆ ಅನಿಲವನ್ನು ತುಂಬುವ ಜಾಣರೂ ಇದ್ದಾರೆ. ತಂಪಾಗುತ್ತದೆ, ಸುಳ್ಳಲ್ಲ, ಆ ಅನಿಲಗಳ ಗುಣ ಆರ್-12ಕ್ಕೆ ಸಮೀಪವೇ, ಹಳೆಯ ಎಣ್ಣೆಯಲ್ಲಿಯೂ ಬೆರೆಯುತ್ತವೆ. ಆದರೆ ಈಗ ಹೇಳಿದ ಇವಾಪೊರೇಟರನ್ನು ನೆನಪಿಗೆ ತಂದುಕೊಳ್ಳಿ. ಅಂಥ ತೂತಿನಿಂದ ಮುಚ್ಚಿದ ಕಿಟಕಿಗಳ ಕಾರಿನೊಳಕ್ಕೆ ಅಡುಗೆ ಅನಿಲ ಸೋರಿದ್ದರೆ ಒಂದು ಬೆಂಕಿಕಡ್ಡಿ, ಒಂದು ಸ್ವಿಚ್ಚಿನ ಕಿಡಿ ಸಾಕಿತ್ತು. ಹೊಸ ಫ್ರಿಜ್ಜುಗಳಲ್ಲಿ ಐಸೊಬ್ಯುಟೇನ್ ಬಳಸುವುದು ನಿಜ. ಅವು ಅದಕ್ಕೆಂದೇ ಕಟ್ಟಿದ, ಬೆಸೆದು ಮುಚ್ಚಿದ ಯಂತ್ರಗಳು, ಪ್ರಮಾಣವೂ ಕೆಲವು ಹತ್ತು ಗ್ರಾಂಗಳಷ್ಟೇ.

ಸೋರಿದ ಗ್ಯಾಸಿನ ಗತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಆರ್-12 ವಾಯುಮಂಡಲದಲ್ಲಿ ಸುಮಾರು ನೂರು ವರ್ಷ ಬದುಕುತ್ತದೆ. ಕಾಕಾ ಅವರ ಕಾರಿನ ಮೊದಲ ತುಂಬು ಇನ್ನೂ ಬಹುಪಾಲು ಮೇಲೆಯೇ ಇದೆ. ಆರ್-134ಎ ಓಜೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಮಾತ್ರ ಬಿಸಿ ಮಾಡುತ್ತದೆ. ತೂಕಕ್ಕೆ ತೂಕ ಹಿಡಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು. ಅರ್ಧ ಕಿಲೋ ಸೋರಿದರೆ ಮುನ್ನೂರು ಲೀಟರ್ ಪೆಟ್ರೋಲು ಸುಟ್ಟಷ್ಟು ಲೆಕ್ಕ. ಆದ್ದರಿಂದ ದುರಸ್ತಿಗೆ ಮುಂಚೆ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಳ್ಳುವ ಯಂತ್ರವಿರುವ ಗ್ಯಾರೇಜನ್ನೇ ಹುಡುಕುವುದು ಮೇಲು.

ಈಗ ಹೊರಗೆ 42 ಡಿಗ್ರಿ ಇದ್ದಾಗ ಜಾಲರಿಯ ಬಾಯಲ್ಲಿ ಉಷ್ಣಮಾಪಕ ಹಿಡಿದರೆ 13 ಡಿಗ್ರಿ ತೋರಿಸುತ್ತದೆ. ಹಳೆಯ ಗ್ಯಾಸಿನ ದಿನಗಳಷ್ಟಲ್ಲ, ಸಾಕು. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಬೇಕೆಂದು ಮಿಸ್ತ್ರಿ ಹೇಳಿದ್ದಾರೆ. ಎಣ್ಣೆ ಸುತ್ತದಿದ್ದರೆ ದಂಡದ ಸೀಲು ಒಣಗಿ ಬಿರಿಯುತ್ತದೆ. ಮನೆ ಮುಟ್ಟುವುದಕ್ಕೆ ಐದು ನಿಮಿಷ ಮುಂಚೆ ಎ.ಸಿ. ಆರಿಸಿ ಫ್ಯಾನನ್ನು ಮಾತ್ರ ಬಿಟ್ಟರೆ ಇವಾಪೊರೇಟರಿನ ತೇವ ಆರುತ್ತದೆ. ಆಸ್ಪತ್ರೆಯ ಅಂಗಳದಲ್ಲಿ ಕಾದು ನಿಂತ ಕಾರಿಗೆ ಕಾಕಾ ಅವರನ್ನು ಹತ್ತಿಸುವ ಮುನ್ನ ಮಗ ನಾಲ್ಕೂ ಬಾಗಿಲು ತೆಗೆದು ಎರಡು ನಿಮಿಷ ಬಿಸಿಗಾಳಿಯನ್ನು ಹೊರಗೆ ಬಿಡುತ್ತಾನೆ. ಬಾನೆಟ್ಟಿನ ಒಳಮೈಗೆ ಅವನೇ ಒಂದು ಚೀಟಿ ಅಂಟಿಸಿದ್ದಾನೆ: ಗ್ಯಾಸು ಆರ್-134ಎ, ಎಣ್ಣೆ ಎಸ್ಟರ್, ಕೆಳಗೆ ತುಂಬಿದ ತೂಕ ಮತ್ತು ತಾರೀಖು. ಮುಂದೆ ಯಾರು ಬಾನೆಟ್ ಎತ್ತಿದರೂ ಮೊದಲು ಅದನ್ನು ಓದಲಿ ಎಂದು ಅಕ್ಷರಗಳನ್ನು ದಪ್ಪವಾಗಿಯೇ ಬರೆದಿದ್ದಾನೆ.